300ಕ್ಕೂ ಹೆಚ್ಚು ಪ್ರಶ್ನೆಗಳನ್ನು ಬಿಡಿಸಿದ ಮೇಲೂ ಕೋಡಿಂಗ್ ಇಂಟರ್‌ವ್ಯೂನಲ್ಲಿ ತಡವರಿಸುತ್ತಿದ್ದೇನೆ: ನನ್ನ ತಯಾರಿಯಲ್ಲಿ ಲೋಪ ಎಲ್ಲಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನಾನು ಹಾವೇರಿ ಜಿಲ್ಲೆಯವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅನಂತರ ಇಂಜಿನಿಯರಿಂಗ್ ಮುಗಿಸಿ, ನಾಲ್ಕು ವರ್ಷಗಳಿಂದ ಬೆಂಗಳೂರಿನ ಒಂದು ಸರ್ವಿಸ್ ಕಂಪನಿಯಲ್ಲಿ ಜಾವಾ ಡೆವಲಪರ್ ಆಗಿದ್ದೇನೆ. ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್‌ನಂತಹ ಕಂಪನಿಗೆ ಸೇರಬೇಕೆಂಬ ಆಸೆಯಿಂದ ಹತ್ತು ತಿಂಗಳಿನಿಂದ ದಿನವೂ ಬೆಳಿಗ್ಗೆ ಐದಕ್ಕೆ ಎದ್ದು, ಆಫೀಸಿನ ಕ್ಯಾಬ್ ಬರುವವರೆಗೆ ಎರಡು ತಾಸು ಲೀಟ್‌ಕೋಡ್ (ಕೋಡಿಂಗ್ ಅಭ್ಯಾಸದ ಜಾಲತಾಣ) ಪ್ರಶ್ನೆಗಳನ್ನು ಬಿಡಿಸುತ್ತಾ ಬಂದಿದ್ದೇನೆ. ಈವರೆಗೆ 312 ಆಗಿವೆ. ಹೆಚ್ಚಿನವು ಮೀಡಿಯಂ ದರ್ಜೆಯವು, ಹಾರ್ಡ್ ದರ್ಜೆಯವು ನಲವತ್ತರಷ್ಟಿವೆ.

ಇಷ್ಟಾದರೂ ಕಳೆದ ಎರಡು ತಿಂಗಳಲ್ಲಿ ಎದುರಿಸಿದ ಎರಡು ಇಂಟರ್‌ವ್ಯೂಗಳಲ್ಲಿಯೂ ನಾನು ಆಯ್ಕೆಯಾಗಲಿಲ್ಲ. ಕಂಪನಿಗಳ ಹೆಸರು ಇಲ್ಲಿ ಬೇಡ. ಮೊದಲನೆಯದರಲ್ಲಿ ಕೇಳಿದ್ದು ತೀರಾ ಪರಿಚಿತವಾದ ಪ್ರಶ್ನೆ: ಒಂದು ಸ್ಟ್ರಿಂಗ್‌ನಲ್ಲಿ, ಎಂದರೆ ಅಕ್ಷರಗಳ ಸಾಲಿನಲ್ಲಿ, ಯಾವ ಅಕ್ಷರವೂ ಮರುಕಳಿಸದ, ಅತಿ ಉದ್ದದ ಸಬ್‌ಸ್ಟ್ರಿಂಗ್ (ಪಕ್ಕಪಕ್ಕದ ಅಕ್ಷರಗಳ ತುಣುಕು) ಎಷ್ಟು ಉದ್ದವಿದೆ ಎಂದು ಕಂಡುಹಿಡಿಯುವುದು. ಇದನ್ನು ನಾನು ಈ ಮೊದಲೇ ಎರಡು ಬಾರಿ ಬಿಡಿಸಿದ್ದೆ. ನೋಡಿದ ಕೂಡಲೇ ಸಂತೋಷವಾಗಿ, ಸ್ಲೈಡಿಂಗ್ ವಿಂಡೋ (ಒಂದು ತುಣುಕನ್ನು ಕಿಟಕಿಯಂತೆ ಹಿಡಿದು, ಅದರ ಎರಡು ತುದಿಗಳನ್ನು ಸರಿಸುತ್ತಾ ಹೋಗುವ ವಿಧಾನ) ಎಂದು ಹೇಳಿ, ಎಂಟೇ ನಿಮಿಷಗಳಲ್ಲಿ ಕೋಡ್ ಬರೆದು ಮುಗಿಸಿದೆ. ಆಗ ಎದುರಿದ್ದವರು ಒಂದು ಇನ್‌ಪುಟ್ ಕೊಟ್ಟು, ಇದಕ್ಕೆ ನಿಮ್ಮ ಕೋಡ್ ಏನು ಉತ್ತರ ಕೊಡುತ್ತದೆ ಎಂದು ಕೇಳಿದರು. ಉತ್ತರ ತಪ್ಪಾಗಿ ಬಂತು. ಎಡಗಡೆಯ ಪಾಯಿಂಟರ್ (ಕಿಟಕಿಯ ಎಡತುದಿಯ ಗುರುತು) ಯಾವಾಗಲೂ ಮುಂದಕ್ಕೇ ಹೋಗುತ್ತದೆಯೇ ಎಂದು ಅವರು ಸೂಚನೆಯನ್ನೂ ಕೊಟ್ಟರು. ಆದರೆ ಆ ಹೊತ್ತಿಗೆ ನನ್ನ ತಲೆ ಪೂರ್ತಿ ಖಾಲಿಯಾಗಿತ್ತು. ಉಳಿದ ಇಪ್ಪತ್ತೈದು ನಿಮಿಷ ನಾನು ಕೋಡನ್ನು ಅಲ್ಲಿಂದಿಲ್ಲಿಗೆ ಬದಲಿಸುತ್ತಾ ಕುಳಿತೆನೇ ಹೊರತು ತಪ್ಪು ಎಲ್ಲಿದೆ ಎಂಬುದು ಹೊಳೆಯಲಿಲ್ಲ.

ಎರಡನೆಯದರಲ್ಲಿ ಊರುಗಳ ನಡುವಿನ ರಸ್ತೆಗಳನ್ನು ಕೊಟ್ಟು, ಒಂದೂರಿನಿಂದ ಇನ್ನೊಂದೂರಿಗೆ ಕನಿಷ್ಠ ಎಷ್ಟು ರಸ್ತೆ ದಾಟಬೇಕು ಎಂದು ಕೇಳಿದರು. ನಾನು ತಕ್ಷಣ ಡೈಕ್‌ಸ್ಟ್ರಾ ಅಲ್ಗಾರಿದಂ (ವೆಚ್ಚ ಬೇರೆಬೇರೆಯಿರುವ ರಸ್ತೆಗಳಲ್ಲಿ ಕನಿಷ್ಠ ವೆಚ್ಚದ ದಾರಿ ಹುಡುಕುವ ವಿಧಾನ) ಎಂದೆ. ಅದಕ್ಕೆ ಬೇಕಾದ ಪ್ರಯಾರಿಟಿ ಕ್ಯೂ (ಕಡಿಮೆ ವೆಚ್ಚದ್ದನ್ನು ಮೊದಲು ಕೊಡುವ ಸಾಲು), ಅದರ ಕಂಪ್ಯಾರೇಟರ್ (ಎರಡರಲ್ಲಿ ಯಾವುದು ಮೊದಲು ಎಂದು ಹೇಳುವ ಕೋಡ್) ಬರೆಯುವುದರಲ್ಲಿಯೇ ಸಮಯ ಮುಗಿಯಿತು. ಮನೆಗೆ ಬಂದ ಮೇಲೆ ಇದಕ್ಕೆ ಸಾಧಾರಣ ಬಿಎಫ್‌ಎಸ್ (ಹತ್ತಿರದ ಊರುಗಳಿಂದ ಶುರುಮಾಡಿ ಹಂತಹಂತವಾಗಿ ದೂರಕ್ಕೆ ಹುಡುಕುವ ವಿಧಾನ) ಸಾಕಾಗಿತ್ತು ಎಂದು ತಿಳಿಯಿತು.

ಇನ್ನೊಂದು ತೊಡಕೂ ಇದೆ. ಯೋಚಿಸುತ್ತಲೇ ಇಂಗ್ಲಿಷಿನಲ್ಲಿ ಮಾತನಾಡುವುದು ನನಗೆ ಬಹಳ ಕಷ್ಟ. ಮಾತನಾಡಿದರೆ ಯೋಚನೆ ನಿಲ್ಲುತ್ತದೆ, ಯೋಚಿಸಿದರೆ ಮಾತು ನಿಲ್ಲುತ್ತದೆ.

ನಾನು ಇನ್ನೂ 300 ಪ್ರಶ್ನೆಗಳನ್ನು ಬಿಡಿಸಬೇಕೇ, ಅಥವಾ ತಯಾರಿಯ ರೀತಿಯನ್ನೇ ಬದಲಿಸಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 (ಆರು ವರ್ಷಗಳಿಂದ ಇಂಟರ್‌ವ್ಯೂ ತೆಗೆದುಕೊಳ್ಳುತ್ತಿರುವವರು, ಬೆಂಗಳೂರು)

ಪ್ರಶ್ನೆಯನ್ನು ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಲೋಪ ಎಲ್ಲಿದೆ ಎಂಬುದು ನಿಮ್ಮ ಬರಹದಲ್ಲಿಯೇ ಕಾಣುತ್ತಿದೆ. ನಿಮಗೆ ಇನ್ನೂ 300 ಪ್ರಶ್ನೆಗಳ ಅಗತ್ಯವಿಲ್ಲ. ಎರಡು ಇಂಟರ್‌ವ್ಯೂಗಳಲ್ಲಿಯೂ ನೀವು ಮಾಡಿದ್ದು ಒಂದೇ ಕೆಲಸ: ಪ್ರಶ್ನೆಯನ್ನು ಓದಿದಿರಿ, ಅದರ ಗುರುತು ಹಿಡಿದಿರಿ, ನೆನಪಿನಲ್ಲಿದ್ದ ಉತ್ತರವನ್ನು ಇಳಿಸಲು ಕುಳಿತಿರಿ. ಗುರುತು ಹಿಡಿಯುವುದಕ್ಕೂ ಬರೆಯುವುದಕ್ಕೂ ನಡುವೆ ಇರಬೇಕಾದ ಹತ್ತು ನಿಮಿಷ, ಬರೆದಾದ ಮೇಲೆ ಇರಬೇಕಾದ ಐದು ನಿಮಿಷ, ಇವೆರಡೂ ನಿಮ್ಮ ತಯಾರಿಯಲ್ಲಿ ಇಲ್ಲ. ನಾವು ಅಂಕ ಕೊಡುವುದು ಹೆಚ್ಚಾಗಿ ಆ ಹದಿನೈದು ನಿಮಿಷಗಳಿಗೇ.

ಮೊದಲು ನಿಮ್ಮ ತಪ್ಪನ್ನೇ ಕೈಯಲ್ಲಿ ಬಿಡಿಸೋಣ. ಹಾಳೆಯ ಮೇಲೆ ಕ, ಮ, ಲ, ಮ, ಕ, ರ ಎಂಬ ಆರು ಅಕ್ಷರಗಳನ್ನು ಬರೆದು, ಕೆಳಗೆ 1ರಿಂದ 6ರವರೆಗೆ ಸಂಖ್ಯೆ ಹಾಕಿಕೊಳ್ಳಿ. ಎಡಗೈ ಬೆರಳು 1ರ ಮೇಲಿರಲಿ; ಬಲಗೈ ಬೆರಳು ಒಂದೊಂದೇ ಅಕ್ಷರ ಮುಂದೆ ಹೋಗಲಿ; ಪ್ರತಿ ಅಕ್ಷರವನ್ನು ಕೊನೆಯ ಬಾರಿ ಎಲ್ಲಿ ಕಂಡೆವು ಎಂಬುದನ್ನು ಹ್ಯಾಷ್ ಮ್ಯಾಪ್ ಎಂಬ ಪಟ್ಟಿಯಲ್ಲಿ ಬರೆದಿಡುತ್ತಾ ಹೋಗೋಣ. ಬಲಬೆರಳು 3ಕ್ಕೆ ಬಂದಾಗ ಕಮಲ ಎಂಬ ಮೂರು ಅಕ್ಷರಗಳ ಕಿಟಕಿ ಸಿಕ್ಕಿತು. 4ಕ್ಕೆ ಬಂದಾಗ ಮತ್ತೆ ಮ. ಅದು ಮೊದಲು ಕಂಡದ್ದು 2ರಲ್ಲಿ. ಆದ್ದರಿಂದ ಎಡಬೆರಳು 3ಕ್ಕೆ ಬರಬೇಕು. ಇಲ್ಲಿಯವರೆಗೆ ಎಲ್ಲವೂ ಸರಿ. ಈಗ 5ರಲ್ಲಿ ಕ ಬರುತ್ತದೆ. ಹ್ಯಾಷ್ ಮ್ಯಾಪ್ ಅದನ್ನು 1ರಲ್ಲಿ ಕಂಡಿದ್ದೇನೆ ಎನ್ನುತ್ತದೆ. ನಿಮ್ಮ ಕೋಡ್ ಬಹುಶಃ ಹಿಂದೆಮುಂದೆ ನೋಡದೆ ಎಡಬೆರಳನ್ನು 1ರ ಮುಂದಿನ 2ಕ್ಕೆ ತಂದಿಟ್ಟಿತು. ಎಂದರೆ 3ರಲ್ಲಿದ್ದ ಬೆರಳು ಹಿಂದಕ್ಕೆ ಹೋಯಿತು. ಕಿಟಕಿಯೊಳಗೆ ಈಗ ಮ, ಲ, ಮ, ಕ ಇವೆ. ಮ ಎರಡು ಬಾರಿ ಇದೆ. ಆದರೂ ಕೋಡ್ ಅದನ್ನು ನಾಲ್ಕು ಎಂದು ಎಣಿಸುತ್ತದೆ. 6ರಲ್ಲಿ ರ ಸೇರಿದಾಗ ಐದು ಎನ್ನುತ್ತದೆ. ಸರಿಯಾದ ಉತ್ತರ ಲಮಕರ, ನಾಲ್ಕು. 1ರಲ್ಲಿದ್ದ ಕ ಕಿಟಕಿಯಿಂದ ಹೊರಗೆ ಹೋಗಿ ಬಹಳ ಹೊತ್ತಾಗಿದೆ, ಅದರ ಲೆಕ್ಕವನ್ನು ಈಗ ಹಿಡಿಯಬಾರದು. ಎಡಬೆರಳಿನ ಈಗಿನ ಸ್ಥಾನ ಮತ್ತು ಹೊಸ ಸ್ಥಾನ ಇವೆರಡರಲ್ಲಿ ದೊಡ್ಡದನ್ನು ಇಟ್ಟುಕೊಳ್ಳಬೇಕು. ಕೋಡಿನಲ್ಲಿ ಬದಲಾಗುವುದು ಒಂದೇ ಸಾಲು.

ಈ ಆರು ಅಕ್ಷರಗಳ ಡ್ರೈ ರನ್‌ಗೆ, ಎಂದರೆ ಕೋಡನ್ನು ಹೀಗೆ ಕೈಯಲ್ಲಿ ನಡೆಸಿ ನೋಡುವುದಕ್ಕೆ, ಎರಡು ನಿಮಿಷ ಸಾಕು. ನೀವು ಎಂಟು ನಿಮಿಷಗಳಲ್ಲಿ ಕೋಡ್ ಮುಗಿಸಿದಿರಿ ಎಂದರೆ ನಿಮ್ಮ ಬಳಿ ಅದಕ್ಕೆ ಬೇಕಾದಷ್ಟು ಸಮಯವಿತ್ತು. ಎದುರಿರುವವರು ಇನ್‌ಪುಟ್ ಕೊಡುವ ಮುಂಚೆ ನೀವೇ ಒಂದು ಇನ್‌ಪುಟ್ ತೆಗೆದುಕೊಂಡು ಸಾಲುಸಾಲಾಗಿ ನಡೆಸಿ ತೋರಿಸಿದ್ದರೆ, ಇದೇ ತಪ್ಪು ನಿಮ್ಮ ಪರವಾಗಿ ಕೆಲಸ ಮಾಡುತ್ತಿತ್ತು. ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಂಡ ಅಭ್ಯರ್ಥಿಯ ಬಗ್ಗೆ ನಾನು ಯಾವಾಗಲೂ ಒಳ್ಳೆಯ ಮಾತನ್ನೇ ಬರೆದಿದ್ದೇನೆ, ಏಕೆಂದರೆ ನಾಳೆ ಕೆಲಸಕ್ಕೆ ಬಂದ ಮೇಲೆ ಅವರು ಮಾಡಬೇಕಾದದ್ದು ಅದನ್ನೇ.

ತಪ್ಪು ಮಾಡಿದೆನಲ್ಲಾ ಎಂದು ಕೊರಗಬೇಡಿ. ಬೈನರಿ ಸರ್ಚ್, ಎಂದರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಬಾರಿ ಅರ್ಧ ಮಾಡುತ್ತಾ ಹುಡುಕುವುದು, ನಮಗೆಲ್ಲ ಮೊದಲ ವರ್ಷವೇ ಕಲಿಸುವ ಪಾಠ. 2006ರಲ್ಲಿ ಜೋಶುವಾ ಬ್ಲಾಕ್ ಅವರು ಗೂಗಲ್‌ನ ಸಂಶೋಧನಾ ಬ್ಲಾಗಿನಲ್ಲಿ ಬರೆದ ಲೇಖನದ ಪ್ರಕಾರ, ಜಾವಾ ಲೈಬ್ರರಿಗಾಗಿ ಅವರೇ ಬರೆದಿದ್ದ ಬೈನರಿ ಸರ್ಚ್‌ನಲ್ಲಿದ್ದ ದೋಷ ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಡುವಿನ ಸ್ಥಾನವನ್ನು ಕಂಡುಹಿಡಿಯಲು ಹುಡುಕುವ ಭಾಗದ ಮೊದಲ ಸ್ಥಾನ ಲೋ ಮತ್ತು ಕೊನೆಯ ಸ್ಥಾನ ಹೈ ಎರಡನ್ನೂ ಕೂಡಿಸಿ 2ರಿಂದ ಭಾಗಿಸುತ್ತೇವೆ. ಅರೇ (ಸಂಖ್ಯೆಗಳ ಪಟ್ಟಿ) ಬಹಳ ದೊಡ್ಡದಾದಾಗ ಆ ಮೊತ್ತ 32 ಬಿಟ್‌ನ ಇಂಟ್ ಹಿಡಿಯಬಲ್ಲ ಮಿತಿಯನ್ನು, ಎಂದರೆ 214 ಕೋಟಿ 74 ಲಕ್ಷ 83 ಸಾವಿರದ 647ನ್ನು, ದಾಟಿ ಋಣಸಂಖ್ಯೆಯಾಗಿಬಿಡುತ್ತದೆ. ಹೈನಿಂದ ಲೋ ಕಳೆದು, ಅದರ ಅರ್ಧವನ್ನು ಲೋಗೆ ಕೂಡಿಸಿದರೆ ಈ ತೊಂದರೆ ಬರುವುದಿಲ್ಲ. ಅಷ್ಟು ನುರಿತವರ ಕೋಡಿನಲ್ಲಿಯೂ ಇಂಥದ್ದು ಉಳಿದಿತ್ತು ಎಂದ ಮೇಲೆ, ಕೋಡನ್ನು ಪರೀಕ್ಷಿಸದೆ ಮುಗಿಯಿತು ಎನ್ನುವ ಧೈರ್ಯ ನಮಗೆ ಬೇಡ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ನೀವು ಪ್ರಶ್ನೆ ಕೇಳಲಿಲ್ಲ, ಅದೇ ಅಲ್ಲಿನ ಲೋಪ. ಎಲ್ಲ ರಸ್ತೆಗಳಿಗೂ ಒಂದೇ ವೆಚ್ಚವೇ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದರು, ಅಲ್ಲಿಗೆ ಬಿಎಫ್‌ಎಸ್ ತಾನಾಗಿಯೇ ಬರುತ್ತಿತ್ತು. ವೆಚ್ಚ ಬೇರೆಬೇರೆಯಾಗಿದ್ದರೆ ಡೈಕ್‌ಸ್ಟ್ರಾ ಬೇಕು. ಋಣ ವೆಚ್ಚವೂ ಇದ್ದರೆ ಡೈಕ್‌ಸ್ಟ್ರಾ ಕೈಕೊಡುತ್ತದೆ, ಆಗ ಬೆಲ್‌ಮನ್–ಫೋರ್ಡ್ ಎಂಬ ಇನ್ನೊಂದು ಅಲ್ಗಾರಿದಂ ಕಡೆಗೆ ಹೋಗಬೇಕು. ಹೀಗೆ ಒಂದೇ ಪ್ರಶ್ನೆಯ ಉತ್ತರದಿಂದ ಇಡೀ ದಾರಿ ಬದಲಾಗುತ್ತದೆ.

ಇನ್‌ಪುಟ್ ಎಷ್ಟು ದೊಡ್ಡದು ಎಂಬುದನ್ನೂ ಕೇಳಲೇಬೇಕು. ಸಾಮಾನ್ಯ ಲೆಕ್ಕಕ್ಕೆ ಒಂದು ಸೆಕೆಂಡಿನಲ್ಲಿ ಸುಮಾರು 10 ಕೋಟಿ ಸರಳ ಹೆಜ್ಜೆಗಳು ಎಂದಿಟ್ಟುಕೊಳ್ಳಿ. ಅರೇಯಲ್ಲಿ 1 ಲಕ್ಷ ಸಂಖ್ಯೆಗಳಿದ್ದು, ನೀವು ಒಂದರೊಳಗೊಂದು ಎರಡು ಲೂಪ್ ಹಾಕಿದರೆ 1,000 ಕೋಟಿ ಹೆಜ್ಜೆಗಳಾಗುತ್ತವೆ, ಅದು ನಡೆಯುವುದಿಲ್ಲ. ಸಾರ್ಟ್ ಮಾಡಿ (ಕ್ರಮವಾಗಿ ಜೋಡಿಸಿ) ಬಿಡಿಸುವ ದಾರಿಯಿದ್ದರೆ ಸುಮಾರು 17 ಲಕ್ಷ ಹೆಜ್ಜೆ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಇನ್‌ಪುಟ್ 20 ಮಾತ್ರ ಎಂದರೆ ಎಲ್ಲ ಉಪಗಣಗಳನ್ನೂ ಪರಿಶೀಲಿಸಬಹುದು, ಅವು 10,48,576 ಅಷ್ಟೇ. ಅಲ್ಗಾರಿದಂನ ಹೆಸರನ್ನು ಊಹಿಸುವುದಕ್ಕಿಂತ ಈ ಗುಣಾಕಾರ ಹೆಚ್ಚು ನಂಬಿಕೆಗೆ ಅರ್ಹವಾದದ್ದು.

ಕೊನೆಯದಾಗಿ, ಮೇಜಿನ ಈ ಬದಿಯಲ್ಲಿ ಏನು ನಡೆಯುತ್ತದೆ ಎಂಬುದು ತಿಳಿದಿರಲಿ. ನಲವತ್ತೈದು ನಿಮಿಷ ಮುಗಿದ ಮೇಲೆ ನಾವು ಒಂದು ಲಿಖಿತ ವರದಿ ಕೊಡಬೇಕು. ಗೂಗಲ್‌ನಂತಹ ಕಡೆ ಆ ವರದಿಗಳನ್ನು ಓದಿ ತೀರ್ಮಾನಿಸಲು ಹೈರಿಂಗ್ ಕಮಿಟಿ ಎಂಬ ಬೇರೆಯೇ ಸಮಿತಿ ಇರುತ್ತದೆ. ಅಮೆಜಾನ್‌ನಲ್ಲಿ ಬಾರ್ ರೈಸರ್ ಎಂಬ ಹೊರಗಿನ ತಂಡದವರೊಬ್ಬರು ಕುಳಿತಿರುತ್ತಾರೆ. ನಿಮ್ಮ ಮನಸ್ಸಿನಲ್ಲಿ ಎಷ್ಟೇ ಒಳ್ಳೆಯ ಯೋಚನೆ ನಡೆದಿದ್ದರೂ ನೀವು ಬಾಯಿಬಿಟ್ಟು ಹೇಳದ ಹೊರತು ಅದನ್ನು ವರದಿಯಲ್ಲಿ ಬರೆಯಲು ನನಗೆ ಸಾಧ್ಯವಿಲ್ಲ.

ಉತ್ತರ 2 (ಐದು ವರ್ಷಗಳ ಬಿಡುವಿನ ನಂತರ ಕೆಲಸಕ್ಕೆ ಮರಳಿದವರು, ಮೈಸೂರು)

ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು, ಐದು ವರ್ಷಗಳ ನಂತರ ಮತ್ತೆ ಇಂಟರ್‌ವ್ಯೂಗೆ ಕುಳಿತವಳು ನಾನು. ಮೇಲಿನ ಹಿರಿಯರ ಉತ್ತರಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ನೀವು ಕೊನೆಯಲ್ಲಿ ಬರೆದ ಮಾತು, ಮಾತನಾಡಿದರೆ ಯೋಚನೆ ನಿಲ್ಲುತ್ತದೆ ಎಂಬುದು, ನನ್ನನ್ನು ಹೆಚ್ಚು ತಟ್ಟಿತು. ಅದರ ಬಗ್ಗೆಯೇ ಬರೆಯುತ್ತೇನೆ.

ಅದು ನಿಮ್ಮೊಬ್ಬರ ತೊಂದರೆಯಲ್ಲ, ಇಂಗ್ಲಿಷಿನಿಂದ ಮಾತ್ರ ಬಂದದ್ದೂ ಅಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 48 ವಿದ್ಯಾರ್ಥಿಗಳಿಗೆ ಕೋಡಿಂಗ್ ಪ್ರಶ್ನೆ ಕೊಟ್ಟಿದ್ದರು. ಕೆಲವರು ಇಂಟರ್‌ವ್ಯೂ ಮಾಡುವವರ ಎದುರು ವೈಟ್‌ಬೋರ್ಡ್ ಮೇಲೆ, ವಿವರಿಸುತ್ತಾ ಬಿಡಿಸಬೇಕಿತ್ತು. ಉಳಿದವರು ಕೋಣೆಯಲ್ಲಿ ಒಬ್ಬರೇ ಕುಳಿತು ಬಿಡಿಸಬೇಕಿತ್ತು. ಒಬ್ಬರೇ ಇದ್ದವರೊಂದಿಗೆ ಹೋಲಿಸಿದರೆ, ಇನ್ನೊಬ್ಬರ ಕಣ್ಣೆದುರು ಬಿಡಿಸಿದವರ ಸಾಮರ್ಥ್ಯ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನೀವು ಬೆಳಗಿನ ಐದಕ್ಕೆ, ಒಬ್ಬರೇ, ಮೌನವಾಗಿ 312 ಪ್ರಶ್ನೆಗಳನ್ನು ಬಿಡಿಸಿದ್ದೀರಿ. ಇಂಟರ್‌ವ್ಯೂನಲ್ಲಿ ಅದೇ ಕೆಲಸವನ್ನು ಒಬ್ಬರ ಎದುರು ಮಾತನಾಡುತ್ತಾ ಮಾಡಬೇಕು. ಆ ಅಭ್ಯಾಸ ನಿಮಗೆ ಇನ್ನೂ ಆಗಿಯೇ ಇಲ್ಲ, ಆದ್ದರಿಂದ ನಿಮಗೆ ಬುದ್ಧಿ ಸಾಲದು ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ.

ನಾನು ಮಾಡಿದ್ದನ್ನು ಹೇಳುತ್ತೇನೆ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಹುಬ್ಬಳ್ಳಿಯಲ್ಲಿದ್ದಾಳೆ. ಪ್ರತಿ ಶನಿವಾರ ಬೆಳಿಗ್ಗೆ ಇಬ್ಬರೂ ವಿಡಿಯೋ ಕರೆಯಲ್ಲಿ ಕುಳಿತು, ಒಬ್ಬರಿಗೊಬ್ಬರು ಪ್ರಶ್ನೆ ಕೊಟ್ಟುಕೊಂಡು, ಗಡಿಯಾರ ಇಟ್ಟು, ತಲಾ ಮೂವತ್ತೈದು ನಿಮಿಷ ಮಾಕ್ (ಅಣಕು) ಇಂಟರ್‌ವ್ಯೂ ಮಾಡುತ್ತಿದ್ದೆವು. ಮೊದಲ ನಾಲ್ಕು ವಾರ ಪೂರ್ತಿ ಕನ್ನಡದಲ್ಲಿಯೇ ಮಾತನಾಡಿದೆವು. ಇಲ್ಲಿ ಎಡಗಡೆಯ ಬೆರಳು ಯಾಕೆ ಸರಿಯಬೇಕು, ಸರಿದರೆ ಏನು ಕಳೆದುಕೊಳ್ಳುತ್ತೇವೆ, ಈ ಮ್ಯಾಪ್‌ನಲ್ಲಿ ಏನನ್ನು ಬರೆದಿಡುತ್ತಿದ್ದೇವೆ, ಹೀಗೆ. ಯೋಚನೆಯನ್ನು ಹೊರಗೆ ಹೇಳುವ ರೂಢಿ ಒಮ್ಮೆ ಬಿದ್ದ ಮೇಲೆ ಅದನ್ನು ಇಂಗ್ಲಿಷಿಗೆ ತರುವುದು ನಾನಂದುಕೊಂಡಷ್ಟು ಕಷ್ಟವಾಗಲಿಲ್ಲ, ಏಕೆಂದರೆ ಇಂಟರ್‌ವ್ಯೂನಲ್ಲಿ ಬೇಕಾಗುವ ಇಂಗ್ಲಿಷ್ ಬಹಳ ಕಡಿಮೆ. ನನ್ನ ತಿಳಿವಳಿಕೆ ಸರಿಯೇ ನೋಡಿ, ಮೊದಲು ಸರಳವಾದ ದಾರಿ ಹೇಳುತ್ತೇನೆ, ಇದು ನಿಧಾನವಾಗಲು ಕಾರಣ ಇದು, ಈಗ ಒಂದು ಉದಾಹರಣೆಯ ಮೇಲೆ ನಡೆಸಿ ನೋಡುತ್ತೇನೆ, ನನಗೆ ಒಂದು ನಿಮಿಷ ಯೋಚಿಸಲು ಬಿಡಿ: ಇಂಥ ಹತ್ತು ಹನ್ನೆರಡು ಚಿಕ್ಕ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆದು, ಅಡುಗೆಮನೆಯ ಫ್ರಿಜ್ ಮೇಲೆ ಅಂಟಿಸಿಕೊಂಡಿದ್ದೆ. ಉಳಿದದ್ದೆಲ್ಲ ಕೋಡೇ ಹೇಳುತ್ತದೆ.

ಒಂದು ನಿಮಿಷ ಯೋಚಿಸಲು ಬಿಡಿ ಎಂದು ಕೇಳುವುದು ತಪ್ಪಲ್ಲ ಎಂಬುದನ್ನು ಕಲಿಯಲು ನನಗೆ ಬಹಳ ದಿನ ಬೇಕಾಯಿತು. ಹೇಳಿ ಸುಮ್ಮನಿರುವುದಕ್ಕೂ ಹೇಳದೆ ಸುಮ್ಮನಿರುವುದಕ್ಕೂ ತುಂಬಾ ವ್ಯತ್ಯಾಸವಿದೆ. ಹೇಳಿದರೆ ಎದುರಿನವರು ಕಾಯುತ್ತಾರೆ. ಹೇಳದಿದ್ದರೆ ಸಿಕ್ಕಿಹಾಕಿಕೊಂಡಿದ್ದಾರೆ ಎಂದುಕೊಳ್ಳುತ್ತಾರೆ.

ಮರೆವಿನ ಬಗ್ಗೆಯೂ ಒಂದು ಮಾತು. ನೀವು ಎರಡು ಬಾರಿ ಬಿಡಿಸಿದ್ದ ಪ್ರಶ್ನೆಯಲ್ಲೇ ಎಡವಿದಿರಿ ಎಂದರೆ, ಆ ಎರಡು ಬಾರಿಯೂ ಸಬ್‌ಮಿಟ್ ಒತ್ತಿ, ಹಸಿರು ಬಣ್ಣ ನೋಡಿ, ಮುಂದಕ್ಕೆ ಹೋಗಿರಬೇಕು. ನಾನು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಪ್ರತಿ ಪ್ರಶ್ನೆಗೂ ಮೂರು ಸಾಲು ಬರೆಯುತ್ತಿದ್ದೆ: ಹೊಳೆಯಬೇಕಾಗಿದ್ದ ಸಂಗತಿ ಯಾವುದು, ನಾನು ಎಲ್ಲಿ ತಪ್ಪಿದೆ, ಯಾವ ಇನ್‌ಪುಟ್ ಆ ತಪ್ಪನ್ನು ಬಯಲಿಗೆ ತರುತ್ತದೆ. ಕೋಡನ್ನು ಬರೆದಿಡುತ್ತಿರಲಿಲ್ಲ. ಮೂರು ದಿನ ಬಿಟ್ಟು, ಹತ್ತು ದಿನ ಬಿಟ್ಟು, ತಿಂಗಳು ಬಿಟ್ಟು ಅದೇ ಪ್ರಶ್ನೆಯನ್ನು ಖಾಲಿ ಹಾಳೆಯ ಮೇಲೆ ಮತ್ತೆ ಬಿಡಿಸುತ್ತಿದ್ದೆ. ಕೆಲಸಕ್ಕೆ ಸೇರುವಾಗ ನಾನು ಬಿಡಿಸಿದ್ದ ಪ್ರಶ್ನೆಗಳು ಒಟ್ಟು 140. ನಿಮ್ಮದರ ಅರ್ಧಕ್ಕಿಂತ ಕಡಿಮೆ.

ಉತ್ತರ 3 (ಬ್ಯಾಕೆಂಡ್ ಇಂಜಿನಿಯರ್, ಕಳೆದ ವರ್ಷ ಕಂಪನಿ ಬದಲಿಸಿದವರು)

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೂ ಪ್ರಶ್ನೆಗಳ ಸಂಖ್ಯೆ ಮುಖ್ಯವೇ ಅಲ್ಲ ಎಂಬ ಅರ್ಥ ಯಾರಿಗೂ ಬರಬಾರದು. ಇವರಿಗೆ 312 ಆಗಿವೆ, ಆದ್ದರಿಂದ ಇವರಿಗೆ ಸಾಕು. ಮೂವತ್ತು ಪ್ರಶ್ನೆ ಬಿಡಿಸಿ ನಿಂತವರು ಈ ಉತ್ತರಗಳನ್ನು ಓದಿ ಸಮಾಧಾನ ಪಟ್ಟುಕೊಳ್ಳುವುದು ಬೇಡ. ಹೊಸದಾಗಿ ಶುರು ಮಾಡುವವರಿಗೆ ಬ್ಲೈಂಡ್ 75 ಅಥವಾ ನೀಟ್‌ಕೋಡ್ 150 ಎಂಬ ಆಯ್ದ ಪ್ರಶ್ನೆಗಳ ಪಟ್ಟಿ ಒಳ್ಳೆಯ ಮೆಟ್ಟಿಲು, ಏಕೆಂದರೆ ಅರೇ, ಸ್ಟ್ಯಾಕ್, ಟ್ರೀ, ಗ್ರಾಫ್, ಹೀಪ್, ಡೈನಾಮಿಕ್ ಪ್ರೋಗ್ರಾಮಿಂಗ್ ಎಲ್ಲವೂ ಅವುಗಳಲ್ಲಿ ಬರುತ್ತವೆ. ಎರಡೂ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಸಾವಿರಾರು ರೂಪಾಯಿ ಕೊಟ್ಟು ಕೋರ್ಸ್‌ಗೆ ಸೇರುವ ಮುಂಚೆ ಇವನ್ನು ಮುಗಿಸಿ ನೋಡಿ.

ಉತ್ತರ ಹೊಳೆಯದಿದ್ದಾಗ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲ. ಅದೇ ನನ್ನನ್ನು ಬಹಳ ಕಾಡಿದ ಪ್ರಶ್ನೆ. ಪ್ರತಿ ಪ್ರಶ್ನೆಯನ್ನೂ ಸ್ವಂತ ಬುದ್ಧಿಯಿಂದಲೇ ಬಿಡಿಸಬೇಕೆಂದು ಹಠ ಹಿಡಿದು, ಒಂದೊಂದಕ್ಕೆ ಮೂರು ದಿನ ಕಳೆದದ್ದಿದೆ. ಆ ಹಠ ಬಿಟ್ಟದ್ದು ಕಡೇನ್ ಅಲ್ಗಾರಿದಂನ ಹಿನ್ನೆಲೆಯನ್ನು ಓದಿದ ಮೇಲೆ.

ಅರೇಯೊಂದರಲ್ಲಿ ಪಕ್ಕಪಕ್ಕದ ಸಂಖ್ಯೆಗಳ ಗರಿಷ್ಠ ಮೊತ್ತವನ್ನು ಕಂಡುಹಿಡಿಯುವ ಪ್ರಶ್ನೆ ನಿಮಗೆಲ್ಲ ಗೊತ್ತು. ಇಂದು ಅದು ಇಂಟರ್‌ವ್ಯೂನ ಸಾಮಾನ್ಯ ಪ್ರಶ್ನೆ. ಅದು ಹುಟ್ಟಿದ್ದು 1977ರಲ್ಲಿ, ಬ್ರೌನ್ ವಿಶ್ವವಿದ್ಯಾಲಯದ ಉಲ್ಫ್ ಗ್ರೆನಾಂಡರ್ ಅವರು ಡಿಜಿಟಲ್ ಚಿತ್ರಗಳಲ್ಲಿನ ವಿನ್ಯಾಸಗಳನ್ನು ಅಭ್ಯಾಸ ಮಾಡುತ್ತಿದ್ದಾಗ. ಅವರಿಗೆ ಬೇಕಾಗಿದ್ದದ್ದು ಎರಡು ಆಯಾಮದ ಲೆಕ್ಕ. ಅದು ತೀರಾ ನಿಧಾನವಾದ್ದರಿಂದ ಅದರ ಸ್ವರೂಪ ತಿಳಿಯಲೆಂದು ಒಂದು ಆಯಾಮಕ್ಕೆ ಇಳಿಸಿಕೊಂಡರು. ಅವರಿಗೆ ಸಿಕ್ಕ ವೇಗದ ದಾರಿಯೂ ಅರೇಯ ಉದ್ದವಾದ ಎನ್‌ನ ವರ್ಗದಷ್ಟು ಹೆಜ್ಜೆಗಳದ್ದೇ ಆಗಿತ್ತು. ಮೈಕೆಲ್ ಶಾಮೋಸ್ ಅವರು ಒಂದೇ ರಾತ್ರಿಯಲ್ಲಿ ಅರೇಯನ್ನು ಎರಡು ಭಾಗ ಮಾಡಿ ಬಿಡಿಸುವ ಇನ್ನೂ ವೇಗದ ದಾರಿ ಕಂಡುಕೊಂಡರು. ಅದನ್ನು ಕಾರ್ನೆಗಿ ಮೆಲನ್‌ನ ಸೆಮಿನಾರ್ ಒಂದರಲ್ಲಿ ವಿವರಿಸಿದಾಗ, ಅಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಜೇ ಕಡೇನ್ ಅವರು ಒಂದೇ ನಿಮಿಷದಲ್ಲಿ, ಅರೇಯನ್ನು ಒಮ್ಮೆ ಮಾತ್ರ ಹಾದುಹೋಗುವ ಪರಿಹಾರ ಕೊಟ್ಟರು. ಇದನ್ನೆಲ್ಲ ಕಂಪ್ಯೂಟರ್ ವಿಜ್ಞಾನಿ ಜಾನ್ ಬೆಂಟ್ಲಿ 1984ರಲ್ಲಿ ಬರೆದಿದ್ದಾರೆ. ಅಂಥವರೆಲ್ಲ ಸೇರಿ ಹಂತಹಂತವಾಗಿ ತಲುಪಿದ ಜಾಗವನ್ನು ನಾನು ಮೂವತ್ತು ನಿಮಿಷಗಳಲ್ಲಿ ಒಬ್ಬನೇ ತಲುಪಲಿಲ್ಲವೆಂದು ಬೇಸರಿಸುವುದರಲ್ಲಿ ಅರ್ಥವಿಲ್ಲ. ಅಂದಿನಿಂದ ಮೂವತ್ತರಿಂದ ನಲವತ್ತು ನಿಮಿಷ ಪ್ರಾಮಾಣಿಕವಾಗಿ ಪ್ರಯತ್ನಿಸಿ, ಬ್ರೂಟ್ ಫೋರ್ಸ್ (ಎಲ್ಲ ಸಾಧ್ಯತೆಗಳನ್ನೂ ನೋಡುವ ನಿಧಾನದ ದಾರಿ) ಆದರೂ ಬರೆದು, ಆಮೇಲೆ ಪರಿಹಾರ ಓದುತ್ತೇನೆ. ಓದಿದ ಮೇಲೆ ಪುಟ ಮುಚ್ಚಿ ಮರುದಿನ ನಾನೇ ಬರೆಯುತ್ತೇನೆ.

ಇನ್ನೆರಡು ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ನಿಮಗೆ ನಾಲ್ಕು ವರ್ಷದ ಅನುಭವವಿರುವುದರಿಂದ ಹಲವು ಕಂಪನಿಗಳಲ್ಲಿ ಡಿಸೈನ್ ಸುತ್ತು (ದೊಡ್ಡ ಸಾಫ್ಟ್‌ವೇರ್ ವ್ಯವಸ್ಥೆಯ ರಚನೆಯನ್ನು ವಿವರಿಸುವ ಸುತ್ತು) ಇದ್ದೇ ಇರುತ್ತದೆ, ಅದಕ್ಕೆ ವಾರದಲ್ಲಿ ಒಂದು ದಿನ ಮೀಸಲಿಡಿ. ಅಮೆಜಾನ್‌ಗೆ ಹೋಗುವುದಾದರೆ ಅವರ 16 ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳನ್ನು ಓದಿಕೊಂಡು, ನಿಮ್ಮ ಕೆಲಸದಲ್ಲಿ ನಿಜವಾಗಿ ನಡೆದ ಏಳೆಂಟು ಘಟನೆಗಳನ್ನು ಬರೆದಿಟ್ಟುಕೊಳ್ಳಿ. ಪ್ರೊಡಕ್ಷನ್‌ನಲ್ಲಿ ಏನು ಕೆಟ್ಟಿತು, ನೀವೇನು ಮಾಡಿದಿರಿ, ಫಲವೇನಾಯಿತು ಎಂಬುದನ್ನು ಅಂಕಿಅಂಶಗಳೊಂದಿಗೆ ಹೇಳಲು ಬರಬೇಕು. ಕೋಡಿಂಗ್ ಚೆನ್ನಾಗಿ ಮಾಡಿ ಈ ಭಾಗದಲ್ಲಿ ಕೈಚೆಲ್ಲಿದವರನ್ನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿಯೇ ಹಾಳೆ ತೆಗೆದುಕೊಂಡು ಕಮಲಮಕರ ಬರೆದು ಬೆರಳಿಟ್ಟು ನಡೆಸಿದೆ. ಐದನೆಯ ಅಕ್ಷರಕ್ಕೆ ಬಂದಾಗ ಎಡಬೆರಳು ಹಿಂದಕ್ಕೆ ಹೋದದ್ದು ಕಣ್ಣಿಗೆ ಕಂಡಿತು. ಅಂದು ಅವರು ಕೊಟ್ಟ ಸೂಚನೆಯ ಅರ್ಥ ಈಗ ಆಯಿತು.

ಇನ್ನೆರಡು ಸಂದೇಹಗಳಿವೆ. ಕೇಳಿದ ಪ್ರಶ್ನೆ ನನಗೆ ಮೊದಲೇ ಗೊತ್ತಿದ್ದರೆ ಅದನ್ನು ಹೇಳಿಬಿಡಬೇಕೇ? ಮತ್ತು ನಾನು ಇಷ್ಟು ದಿನ ಜಾವಾದಲ್ಲೇ ಬರೆದಿದ್ದೇನೆ. ಕಡಿಮೆ ಸಾಲುಗಳಲ್ಲಿ ಮುಗಿಯುತ್ತದೆ ಎಂದು ಸ್ನೇಹಿತರು ಪೈಥಾನ್‌ಗೆ ಬದಲಿಸಲು ಹೇಳುತ್ತಿದ್ದಾರೆ. ಬದಲಿಸುವುದು ಒಳ್ಳೆಯದೇ?

ಉತ್ತರ 1 ಬರೆದವರಿಂದ

ಹೇಳಿಬಿಡಿ. ಇದೇ ಪ್ರಶ್ನೆಯನ್ನು ಬಿಡಿಸಿದ್ದೇನೆ ಎಂದು ಮೊದಲೇ ಹೇಳಿದವರಿಗೆ ನಾನು ಬೇರೆ ಪ್ರಶ್ನೆ ಕೊಡುತ್ತೇನೆ, ಇಲ್ಲವೇ ಅದನ್ನೇ ಸ್ವಲ್ಪ ತಿರುಗಿಸಿ ಕೊಡುತ್ತೇನೆ. ಗೊತ್ತಿದ್ದೂ ಗೊತ್ತಿಲ್ಲದವರಂತೆ ನಟಿಸುವುದು ಎದುರು ಕುಳಿತವರಿಗೆ ಬಹುಬೇಗ ತಿಳಿಯುತ್ತದೆ, ಏಕೆಂದರೆ ನಿಜವಾಗಿ ಯೋಚಿಸುವವರು ಒಂದೆರಡು ತಪ್ಪು ದಾರಿ ತುಳಿದೇ ಬರುತ್ತಾರೆ. ಆಮೇಲೆ ಅವರು ಹೇಳುವ ಯಾವ ಮಾತಿನ ಮೇಲೂ ನಂಬಿಕೆ ಉಳಿಯುವುದಿಲ್ಲ. ಇಡೀ ಪ್ರಶ್ನೆಯಲ್ಲ, ಅದರ ಹೋಲಿಕೆಯದು ಮಾತ್ರ ಗೊತ್ತಿದ್ದರೆ, ಹೋಲಿಕೆ ಏನು, ವ್ಯತ್ಯಾಸ ಏನು ಎಂದು ಬಾಯಿಬಿಟ್ಟು ಹೇಳಿ ಮುಂದುವರಿಯಿರಿ. ಅದು ಒಳ್ಳೆಯ ಇಂಜಿನಿಯರ್‌ನ ಲಕ್ಷಣ.

ಭಾಷೆ ಬದಲಿಸಬೇಡಿ. ನಾಲ್ಕು ವರ್ಷ ಜಾವಾ ಬರೆದ ಕೈಗೆ ಇಂಟರ್‌ವ್ಯೂನ ಒತ್ತಡದಲ್ಲಿ ಜಾವಾವೇ ಬರುತ್ತದೆ. ಪ್ರಯಾರಿಟಿ ಕ್ಯೂಗೆ ಕಂಪ್ಯಾರೇಟರ್ ಬರೆಯುವುದು, ಮ್ಯಾಪ್‌ನಲ್ಲಿ ಇಲ್ಲದ ಕೀಗೆ ಡೀಫಾಲ್ಟ್ ಬೆಲೆ ಪಡೆಯುವುದು, ಡೆಕ್ಯೂ (ಎರಡೂ ತುದಿಯಿಂದ ಸೇರಿಸಿ ತೆಗೆಯಬಹುದಾದ ಸಾಲು) ಬಳಸುವುದು, ಇಷ್ಟನ್ನು ಎಡಿಟರ್‌ನ ಸಹಾಯವಿಲ್ಲದೆ, ಪೆನ್ನಿನಿಂದ ಹಾಳೆಯ ಮೇಲೆ ಬರೆದು ರೂಢಿಸಿಕೊಳ್ಳಿ. ಆನ್‌ಲೈನ್ ಸುತ್ತುಗಳಲ್ಲಿ ಎಐ ಸಹಾಯ ಪಡೆದು ಮೋಸ ಮಾಡುವವರು ಹೆಚ್ಚಿದ್ದಾರೆ. ಕನಿಷ್ಠ ಒಂದು ಸುತ್ತನ್ನಾದರೂ ಮುಖಾಮುಖಿಯಾಗಿ ನಡೆಸುವ ಮಾತನ್ನು ಗೂಗಲ್‌ನ ಸುಂದರ್ ಪಿಚೈ ಅವರೇ 2025ರಲ್ಲಿ ಆಡಿದ್ದಾರೆ. ಬೋರ್ಡಿನ ಮುಂದೆ ನಿಂತಾಗ ಆಟೋಕಂಪ್ಲೀಟ್ ಇರುವುದಿಲ್ಲ. ಮಾರ್ಕರ್ ಹಿಡಿದು ಬರೆಯುವ ಅಭ್ಯಾಸವೂ ಇರಲಿ.

ಮುಂದಿನ ಆರು ವಾರ ಹೊಸ ಪ್ರಶ್ನೆಗಳನ್ನು ದಿನಕ್ಕೆ ಒಂದಕ್ಕೆ ಇಳಿಸಿ, ಉಳಿದ ಹೊತ್ತಿನಲ್ಲಿ ಆ 312ರಿಂದಲೇ ಮೂವತ್ತನ್ನು ಆರಿಸಿಕೊಂಡು ಮತ್ತೆ ಬಿಡಿಸಿ. ಪ್ರತಿಯೊಂದಕ್ಕೂ ನಿಮ್ಮ ಹಳೆಯ ಕೋಡನ್ನು ಕೆಡಿಸಬಲ್ಲ ಒಂದು ಇನ್‌ಪುಟ್ ಹುಡುಕುವುದು ನಿಮ್ಮ ಕೆಲಸ.

ಉತ್ತರ 2 ಬರೆದವರಿಂದ

ನಮ್ಮ ಶನಿವಾರದ ಕರೆ ಇನ್ನೂ ನಡೆಯುತ್ತಿದೆ. ಗೆಳತಿಯೂ ಈಗ ಕಂಪನಿ ಬದಲಿಸುವ ತಯಾರಿಯಲ್ಲಿದ್ದಾಳೆ, ಮೂರನೆಯವರು ಬಂದರೆ ನಮಗಿಬ್ಬರಿಗೂ ಅನುಕೂಲವೇ. ನಿಮಗೆ ಒಪ್ಪಿಗೆಯಿದ್ದರೆ ಇಲ್ಲಿನ ಖಾಸಗಿ ಸಂದೇಶದಲ್ಲಿ ತಿಳಿಸಿ, ಲಿಂಕ್ ಕಳುಹಿಸುತ್ತೇನೆ. ಬೆಳಿಗ್ಗೆ ಏಳಕ್ಕೆ ಶುರು. ಮೊದಲ ದಿನ ಕನ್ನಡದಲ್ಲಿಯೇ ಮಾತನಾಡಬಹುದು. ಖಾಲಿ ಹಾಳೆ ಮತ್ತು ಪೆನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತುಕೊಳ್ಳಿ. ಗ್ರಾಫ್ ಪ್ರಶ್ನೆಯನ್ನು ನಾನು ತರುತ್ತೇನೆ, ರಸ್ತೆಗಳ ವೆಚ್ಚ ಎಷ್ಟು ಎಂಬುದನ್ನು ನೀವು ಕೇಳುವವರೆಗೆ ಹೇಳುವುದಿಲ್ಲ.